ಅಂಗಾಲು

ನಗು, ಅವನದೇ ನಗು, ಬಾಗಿಲಾಚೆಯಿಂದ, ಮೂಗಿನಲ್ಲಿ ಹುಟ್ಟಿ ಗಂಟಲಿಗೆ ಇಳಿಯುವ ಆ ನಗು, ಪೊಲೀಸರು ಬಿಟ್ಟು ಕಳಿಸಿದ ಮೇಲೆ ಮನೆಯಲ್ಲಿ ಒಂದು ದಿನವೂ ಕೇಳದ್ದು, ಈಗ ಯಾವಳೋ ಪರದೇಶದ ಡಾಕ್ಟರಮ್ಮನಿಗೆ ಅಷ್ಟು ಸಲೀಸಾಗಿ ಸಿಕ್ಕಿಬಿಟ್ಟಿತಲ್ಲ, ಹೊರಗೆ ಬೆಂಚಿನ ಮೇಲೆ ಕೂತ ಹೆಂಡತಿಯ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು, ಹೊಟ್ಟೆಕಿಚ್ಚೇ ಸರಿ, ಅದಕ್ಕೆ ಬೇರೆ ಹೆಸರೇಕೆ. ನೀವು ಹೊರಗಿರಿ ಅಮ್ಮ, ಒಬ್ಬೊಬ್ಬರನ್ನೇ ಮಾತಾಡಿಸೋದು ಸಮಿತಿಯವರ ನಿಯಮ, ಎಂದಿದ್ದರು ಅವನ ಕೇಸಿನ ವಕೀಲರು, ಹೆಂಡತಿಗೂ ನಿಯಮಾನಾ ಸಾರ್, ಹೆಂಡತಿಗೂನಮ್ಮ. ಯಾರಿಗೂ ಚಿತ್ರಹಿಂಸೆ ಕೊಡುವುದಿಲ್ಲ ಎಂದು ಸರ್ಕಾರ ದೇಶದೇಶಗಳ ಎದುರು ರುಜು ಹಾಕಿದೆಯಂತೆ, ಕೊಟ್ಟ ಮಾತು ಉಳಿಸಿಕೊಂಡಿದೆಯೇ ಎಂದು ನೋಡಲು ಈ ಸಮಿತಿಯವರು ವಿಮಾನ ಹತ್ತಿ ಬಂದಿದ್ದಾರೆ, ಜೈಲು ನೋಡಿದರು, ಠಾಣೆ ನೋಡಿದರು—ಠಾಣೆಗೆ ಅವಸರದಲ್ಲಿ ಸುಣ್ಣ ಹೊಡೆಯುತ್ತಿದ್ದದ್ದನ್ನು ಇವಳೂ ಬಸ್ಸಿನಿಂದ ನೋಡಿದ್ದಾಳೆ, ಅದರ ಮುಂದೆ ಮದುವೆ ಮನೆಯೂ ಸಪ್ಪೆ—ಈಗ ಅವನನ್ನು ನೋಡುತ್ತಿದ್ದಾರೆ, ಒಳಗೆ, ಇವಳಿಲ್ಲದೆ.

ಕಾಲುಚೀಲ. ಮಲಗುವಾಗಲೂ ಕಾಲುಚೀಲ, ಬೆವರು ಇಳಿಯುವ ಸೆಕೆಯಲ್ಲೂ, ತಾನೇ ಒಗೆದು ಬಚ್ಚಲ ಬಾಗಿಲ ಹಿಂದೆ ಒಣಗಿಸುತ್ತಾನೆ, ಕೊಡಿ ಇಲ್ಲಿ, ನಾನೇನು ಸತ್ತಿದ್ದೀನಾ, ಬೇಡ ಬಿಡೇ, ಒಂದು ಮಧ್ಯಾಹ್ನ ತಮಾಷೆಗೆ ಹಿಡಿದು ಎಳೆದರೆ ಗೋಡೆಗಂಟಿ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕೂತುಬಿಟ್ಟ, ತಮಾಷೆ ಅಲ್ಲೇ ಸತ್ತಿತು. ನಿನ್ನ ಹತ್ರ ಹೇಳದೆ ಇನ್ಯಾರ ಹತ್ರ ಹೇಳ್ತಾನೆ ಎನ್ನುತ್ತಾರೆ ಅತ್ತೆ, ದೀಪದ ಬುಡ ಕತ್ತಲೆ ಅತ್ತೆ, ಕಾಲಿಗೆ ಹೊಡೆದರು ಅನ್ನುವುದಷ್ಟೇ ನನಗೂ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ, ಅಂಗಾಲಿನದಕ್ಕೆ ಪರದೇಶದಿಂದ ಕನ್ನಡಿ ತರಿಸಬೇಕೇನು, ಮನೆಯಲ್ಲಿ ಹೆಂಡತಿಯ ಕಣ್ಣಿರುವಾಗ. ಬೆಂಚಿನ ಮೇಲೆ ಬಾಗಿಲ ಕಡೆಗೆ ಸರಿದಳು, ಇನ್ನೂ ಸ್ವಲ್ಪ ಸರಿದಳು, ಕೇಳಿಸಿತು, ನಾನು ನಿಮ್ಮ ಪಾದ ಮುಟ್ಟಬಹುದಾ—ಡಾಕ್ಟರಮ್ಮ ತನ್ನ ಭಾಷೆಯಲ್ಲಿ ಕೇಳಿದ್ದನ್ನು ದುಭಾಷಿ ಹುಡುಗಿ ನಮ್ಮ ಭಾಷೆಯಲ್ಲಿ ನಾನು ನಾನು ಎಂದೇ ಹೇಳುತ್ತಾಳೆ, ಒಬ್ಬಳಲ್ಲ, ಇಬ್ಬರು ಸವತಿಯರು—ಹೂಂ, ಮುಟ್ಟಿ, ಎಂದ. ಮುಟ್ಟಿ ಎಂದ! ಇಲ್ಲಿ ನೋವಿದೆಯಾ, ಇದೆ, ಯಾವುದರಿಂದ ಹೊಡೆದರು, ಪೈಪು, ಮನೆಯಲ್ಲಿ ಯಾರಾದರೂ ಇದನ್ನು ನೋಡಿದ್ದಾರಾ. ಇಲ್ಲ. ಅಮ್ಮ, ತಂಗಿ, ಎಲ್ರೂ ನನ್ನ ಮುಖ ಕಂಡ್ರೆ ಅಯ್ಯೋ ಪಾಪ ಅಂತಾರೆ, ನನ್ನ ಹೆಂಡತಿ ಒಬ್ಬಳು ಮೊದಲಿನ ಹಾಗೇ ನೋಡ್ತಾಳೆ, ಜಗಳ ಆಡ್ತಾಳೆ, ಅದೊಂದು ಉಳಿದಿದೆ, ಅದನ್ನ ಮುಟ್ಟೋಕೆ ಪೊಲೀಸರ ಕೈಲೂ ಆಗಿಲ್ಲ, ಇದನ್ನ ನೋಡಿದ್ರೆ ಅವಳೂ ಅಯ್ಯೋ ಪಾಪ ಅನ್ನೋರ ಸಾಲಿಗೆ ಹೋಗ್ತಾಳೆ.

ಆ ಮಾತನ್ನೂ ದುಭಾಷಿ ಹುಡುಗಿ ಎತ್ತಿ ಅವರ ಭಾಷೆಗೆ ಹಾಕಿದಳು, ತನಗೆ ಸೇರಬೇಕಾದದ್ದು, ಅದೂ ಅವರ ಪಾಲಿಗೇ ಹೋಯಿತು, ಇಲ್ಲ, ಹೋಗಲಿ, ತಾನು ಇಲ್ಲಿಂದ ಏಳಬೇಕು, ಆ ತುದಿಗೆ ಹೋಗಿ ಕಿಟಕಿಯ ಕಡೆ ಮುಖ ಮಾಡಿ ಕೂರಬೇಕು, ಎದ್ದಳು, ಅಷ್ಟರಲ್ಲಿ ಬಾಗಿಲು ತೆರೆಯಿತು, ಸ್ವಲ್ಪ ನೀರು ಸಿಗುತ್ತಾ, ಎಂದಳು ಆ ಹುಡುಗಿ, ಅವಳ ಭುಜದಾಚೆ ಕುರ್ಚಿ, ಕಣ್ಣು ಮುಚ್ಚಿಕೊಂಡ ಗಂಡ, ನೆಲದಲ್ಲಿ ಮಂಡಿಯೂರಿದ ನರೆಗೂದಲ ಹೆಂಗಸು, ತನ್ನ ತಾಯಿಯ ವಯಸ್ಸಿನವಳು, ಅವಳ ಕೈಗವಸಿನ ಕೈಯಲ್ಲಿ—ಬಾಗಿಲು ಮುಚ್ಚಿತು. ನೋಡಲಿಲ್ಲ. ನೋಡಿಲ್ಲ ತಾನು. ಕೂತು ಕೂತು ಬೇಜಾರಾಯ್ತೇನೆ, ಎಂದ ಅವನು, ಒಳಗಿನದೆಲ್ಲ ಮುಗಿದ ಮೇಲೆ ಕಾಲುಚೀಲ, ಬೂಟು ಹಾಕಿಕೊಂಡು ಎದುರಿಗೆ ಬಂದು ನಿಂತು, ಇಲ್ಲ ಕುಣೀತಾ ಇದ್ದೆ, ಏನದು ಅಷ್ಟೊಂದು ನಗು ನಿಮ್ಮದು, ಎಂದು ಜಗಳದ ದನಿ ತೆಗೆದಳು, ಸರಿಯಾಗಿಯೇ ಬಂತು ದನಿ, ಇನ್ನು ಮುಖ ನೋಡಬೇಕು, ಮೊದಲಿನ ಹಾಗೆ, ಹಣೆ, ಮೂಗು, ಕಣ್ಣು, ನೋಡು, ಕಣ್ಣು—ಹಿಮ್ಮಡಿಯ ಮಾಂಸವೆಲ್ಲ ಚಪ್ಪಟೆಯಾಗಿ, ಕಪ್ಪಾಗಿ, ಕೈಗವಸಿನ ಕೈಯಲ್ಲಿ ಅಂಗಾಲು, ಕಣ್ಣು ನೋಡು, ಅಂಗಾಲು, ಅಂಗಾಲು