ಒಂದೇ ಧೋತರದ ಎರಡು ಕಲೆ

ಹೆಚ್ಚು ಓದಿದವರು ಹೇಳಬೇಕಾದ ಸಂಗತಿಯಿದು. ಅರ್ಧಂಬರ್ಧ ತಿಳಿದವರು ಬಾಯಿ ಹಾಕಿದ್ದಕ್ಕೆ ಕ್ಷಮೆಯಿರಲಿ. ಆದರೆ ಮಸೂತಿ ಊರಿನ ಶಂಕ್ರೆವ್ವನ ಸಿಟ್ಟನ್ನು ಯಾರೂ ಬರೆದಿಡಲಿಲ್ಲ. ಅದಕ್ಕೇ ಈ ಧೈರ್ಯ.

೧೯೭೬ರ ಮಳೆಗಾಲ. ಶಂಕ್ರೆವ್ವನ ತಮ್ಮ ಶ್ರೀಶೈಲಪ್ಪನಿಗೆ ಮಲೇರಿಯಾ ಬಂತು. ಮುದ್ದೇಬಿಹಾಳದ ಒಂದು ದವಾಖಾನೆಯಲ್ಲಿ ಡಾಕ್ಟರು ದಿನಕ್ಕೊಂದರಂತೆ ಐದು ಮಾತ್ರೆ ಕೊಟ್ಟರು. ಜ್ವರ ಬಿಟ್ಟಿತು. ಆದರೆ ಮೂರನೆಯ ಮಾತ್ರೆ ನುಂಗಿದ ಮೇಲೆ ಅವನ ಮೂತ್ರ ಹಾಲಿಲ್ಲದ ಚಹಾದಂತಾಯಿತು, ಕಣ್ಣು ಹಳದಿಯಾದವು, ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಶಂಕ್ರೆವ್ವ ಅವನನ್ನು ಬಸ್ಸು ಹತ್ತಿಸಿ ಮತ್ತೆ ಅದೇ ದವಾಖಾನೆಗೆ ಕರೆತಂದಳು. ಡಾಕ್ಟರು ನೇರಳೆಹಣ್ಣು ತಿಂದು ಕಪ್ಪಾಗಿದ್ದ ಅವನ ನಾಲಗೆ ನೋಡಿ ನಕ್ಕರು.

"ನೀರಲಹಣ್ಣು ತಿಂದಾನ, ಅದರ ಬಣ್ಣ ಇಳದೈತಿ. ಹಣ್ಣು ಬಿಡಸ್ರಿ. ಉಳಿದ ಎರಡು ಮಾತ್ರಿ ತಪ್ಪಸಬ್ಯಾಡ್ರಿ."

"ಮತ್ತ ಕಣ್ಣು ಯಾಕ ಹಳದಿ ಆಗ್ಯಾವ್ರಿ?"

"ಡಾಕ್ಟರ್ ನೀನೋ, ನಾನೋ?"

ಅಂದು ಅಕ್ಕ ತಮ್ಮ ಅಲ್ಲೇ ನೆಂಟರ ಮನೆಯಲ್ಲಿ ಉಳಿದರು. ಬೆಳಿಗ್ಗೆ ನಾಲ್ಕನೆಯ ಮಾತ್ರೆ ನುಂಗಬೇಕು. ಅದಕ್ಕೂ ಮೊದಲು ಶಂಕ್ರೆವ್ವ ಹಣ್ಣಿನದೂ ಮೂತ್ರದ್ದೂ ಕಲೆಯಾಗಿದ್ದ ತಮ್ಮನ ಧೋತರವನ್ನು ಒಗೆಯುವ ಸೋಡಾ ಬೆರೆಸಿದ ನೀರಿಗೆ ಹಾಕಿದಳು. ನೇರಳೆಹಣ್ಣಿನ ಕಲೆ ಕಣ್ಣೆದುರೇ ನೀಲಿ ಹಸಿರಾಯಿತು. ಸೋಡಾ ತಾಗಿದರೆ ಅದು ಹಾಗೆಯೇ ತಿರುಗುತ್ತದೆ, ಬಟ್ಟೆ ಒಗೆಯುವವರಿಗೆ ಇದು ಹೊಸದಲ್ಲ. ಮೂತ್ರದ ಕಲೆ ಮಾತ್ರ ಕಂದು ಬಣ್ಣದಲ್ಲೇ ಉಳಿಯಿತು. ಹಣ್ಣಿನ ಬಣ್ಣವೇ ಆಗಿದ್ದರೆ ಅದೂ ತಿರುಗಬೇಕಿತ್ತು.

ಅವಳ ಮೈಯೆಲ್ಲ ಉರಿಯಿತು. ತಮ್ಮನ ಕೈಯಲ್ಲಿದ್ದ ಮಾತ್ರೆ ಕಸಿದುಕೊಂಡಳು. ಹಸಿ ಧೋತರವನ್ನು ಹೆಗಲಿಗೇರಿಸಿ ದವಾಖಾನೆಗೆ ನುಗ್ಗಿ, ಡಾಕ್ಟರ ಮೇಜಿನ ಮೇಲೆ ಕೆಡವಿದಳು.

"ನೋಡ್ರಿ ಸಾಹೇಬ್ರ! ಇದು ಹಣ್ಣಿನ ಬಣ್ಣ. ಇದು ನನ್ನ ತಮ್ಮಂದು. ಎರಡೂ ಒಂದಽ ಏನ್ರಿ? ನಿಮ್ಮ ಅಂಗಿ ಯಾರು ಒಗಿತಾರ, ಅವರನ್ನರ ಕೇಳ್ರಿ!"

"ಏ, ಕಾಗದ ತೊಯ್ತಾವು! ಜೈನುದ್ದೀನ, ಈಕಿನ್ನ ಹೊರಗ ಹಾಕು!"

ಜೈನುದ್ದೀನ ಅಲ್ಲಿ ರಕ್ತ, ಮೂತ್ರ ಪರೀಕ್ಷಿಸುವವನು. ಸಂಜೆ ತರಗತಿಯಲ್ಲಿ ಕಲಿತವನು. ಅವನು ಅವಳನ್ನು ಮುಟ್ಟಲಿಲ್ಲ.

"ನಿನ್ನಿ ಈಕಿ ತಮ್ಮ ಕೊಟ್ಟ ಮೂತ್ರದ ಸೀಸೆ ನೋಡೇನ್ರಿ," ಎಂದ. "ಮೂತ್ರದಾಗ ರಕ್ತದ ಬಣ್ಣ ಐತ್ರಿ. ಕೆಲವರಿಗೆ ಈ ಮಾತ್ರಿ ಆಗಿಬರೂದಿಲ್ಲ, ರಕ್ತದ ಕಣ ಒಡಿತಾವಂತ ಪುಸ್ತಕದಾಗ ಐತ್ರಿ."

ಶಂಕ್ರೆವ್ವ ಅವನತ್ತ ತಿರುಗಿದಳು. "ನಿನಗ ನಿನ್ನಿನಽ ಗೊತ್ತಿತ್ತು? ಗೊತ್ತಿದ್ದೂ ಬಾಯಿ ಮುಚಗೊಂಡು ಕುಂತಿದ್ದೇನೋ?"

"ತಪ್ಪಾತು ಅಕ್ಕಾ. ಖಾತ್ರಿ ಇರಲಿಲ್ಲ."

"ನಿನ್ನ ಖಾತ್ರಿ ಬರೂತನಕ ನನ್ನ ತಮ್ಮ ಇರ್ತಿದ್ನೇನು?"

ಡಾಕ್ಟರು ಅವಳ ಮುಖ ನೋಡದೆ, ತೊಯ್ದ ಕಾಗದದ ಮೇಲೆ 'ಮಾತ್ರೆ ನಿಲ್ಲಿಸಿ' ಎಂದು ಗೀಚಿದರು. ತಪ್ಪಾಯಿತು ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ.

ಜೈನುದ್ದೀನ ಬಾಗಿಲವರೆಗೆ ಬಂದ. "ಹಣ್ಣು ಬಿಡಸಬ್ಯಾಡ ಅಕ್ಕಾ. ಕಬ್ಬಿಣಕ್ಕ ಜಂಗು ಹಿಡಿದಂಗ ರಕ್ತದ ಕಣಾನೂ ಕೆಡತಾವಂತ. ಹಣ್ಣು, ಕಾಯಿಪಲ್ಯೆದ ಬಣ್ಣ ಅದನ್ನ ತಡಿತೈತಂತ."

"ಅಂತ, ಅಂತ! ಒಂದರ ನೆಟ್ಟಗ ಹೇಳೋ!"



ತಿಂಗಳೊಪ್ಪತ್ತಿನಲ್ಲಿ ಶ್ರೀಶೈಲಪ್ಪ ಎತ್ತು ಹೊಡೆಯುವಂತಾದ. ಮರದಲ್ಲಿ ಹಣ್ಣಿರುವ ತನಕ ಶಂಕ್ರೆವ್ವ ಡಾಕ್ಟರನ್ನು ಬೈಯುತ್ತಲೇ ಅವನಿಗೆ ನೇರಳೆ ತಿನ್ನಿಸಿದಳು. ಆ ಬಣ್ಣ ಅವನ ಒಂದಾದರೂ ರಕ್ತಕಣವನ್ನು ಕಾಯಿತೋ, ಮಾತ್ರೆ ನಿಂತದ್ದೊಂದೇ ಅವನನ್ನು ಉಳಿಸಿತೋ, ಜೈನುದ್ದೀನನಿಗೆ ಕೊನೆಗೂ ತಿಳಿಯಲಿಲ್ಲ. ಇದನ್ನು ಬರೆದವರಿಗೂ ಗೊತ್ತಿಲ್ಲ.