ಟಗರು ಬೇಟೆಗೆ ಹೊರಟವರ ತೂಕ

ಗಂಡಸರು ತಮ್ಮ ತೂಕವನ್ನು ಸರಾಸರಿ ಹದಿನಾಲ್ಕು ಪೌಂಡ್ ಕಡಿಮೆ ಮಾಡಿ ಹೇಳುತ್ತಾರೆ. ಇದು ನನ್ನ ಅಭಿಪ್ರಾಯವಲ್ಲ; ಐದು ವರ್ಷಗಳಲ್ಲಿ ಎಂಬತ್ತೇಳು ಗಂಡಸರನ್ನು ತೂಗಿ ಕಂಡುಕೊಂಡದ್ದು. ಹೆಂಗಸರ ವಿಷಯ ಹೇಳಲಾರೆ. ನಮ್ಮಲ್ಲಿಗೆ ಬಂದವರು ಒಂಬತ್ತೇ ಜನ. ಅವರಲ್ಲಿ ಇಬ್ಬರು ನಿಜಕ್ಕಿಂತ ಹೆಚ್ಚು ಬರೆದಿದ್ದರು. ಅಷ್ಟರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಓದಿದವನು. ಹನ್ನೊಂದು ವರ್ಷದಿಂದ ವಯೋಮಿಂಗ್‌ನ ಈ ಬೆಟ್ಟಗಳಲ್ಲಿ ನೆಡ್ರಾ ಪ್ರುಯಿಟ್ ಎಂಬಾಕೆಯ ಕುದುರೆಗಳಿಗೆ, ಹೇಸರಗತ್ತೆಗಳಿಗೆ ಹೇರು ಕಟ್ಟುತ್ತಿದ್ದೇನೆ. ಬೇಸಿಗೆಯಲ್ಲಿ ಮೀನು ಹಿಡಿಯುವವರನ್ನು ಮೇಲಿನ ಕೆರೆಗಳಿಗೆ, ಆಮೇಲೆ ಬೇಟೆಯವರನ್ನು ಅದಕ್ಕೂ ಮೇಲಕ್ಕೆ ಕರೆದೊಯ್ಯುವುದು ಅವಳ ಕಸುಬು. ಅವಳ ಅಪ್ಪನದೂ ಅದೇ. ಅವಳಿಗೆ ಅರವತ್ತೆರಡು. ನಾನು ನೆಡ್ರಕ್ಕ ಎನ್ನುತ್ತೇನೆ. ಅವಳು ನನ್ನನ್ನು ‘ಕಾಲೇಜು’ ಎನ್ನುತ್ತಾಳೆ. ಅದು ಹೊಗಳಿಕೆಯಲ್ಲ.

ಕುದುರೆ ಏರುವವರು ಬೂಟು ಬಟ್ಟೆ ಸೇರಿ ಇನ್ನೂರ ನಲವತ್ತು ಪೌಂಡ್ ಮೀರಬಾರದು ಎಂಬುದು ನೆಡ್ರಕ್ಕನ ನಿಯಮ. ಹಿಂದೊಮ್ಮೆ ಒಬ್ಬ ಜಮೀನು ದಲ್ಲಾಳಿ ಇನ್ನೂರ ಹದಿನೈದು ಎಂದು ಬರೆದು, ಇನ್ನೂರ ಎಂಬತ್ತರ ಮೈ ಹೊತ್ತು ಬಂದಿದ್ದ. ಹತ್ತೊಂಬತ್ತು ಮೈಲಿ ಏರಿ ಜೀನು ಇಳಿಸಿದಾಗ ಕುದುರೆಯ ಬೆನ್ನ ಮೇಲೆ ಅಂಗೈ ಅಗಲದ ಎರಡು ಹುಣ್ಣುಗಳಿದ್ದವು. ಆ ಕುದುರೆಗೆ ಮತ್ತೆಂದೂ ಜೀನು ಹಾಕಲಾಗಲಿಲ್ಲ. ನಿಯಮ ಬಂದದ್ದು ಹಾಗೆ. ಆದರೆ ಅತಿಥಿಯನ್ನು ತಕ್ಕಡಿ ಹತ್ತಿಸುವ ಪದ್ಧತಿ ನಮ್ಮಲ್ಲಿಲ್ಲ. ದನದ ಹಾಗೆ ತೂಗಿಸಿಕೊಂಡವನು ಮತ್ತೆ ಈ ಕಡೆ ಬರುವುದಿಲ್ಲ ಎಂದು ಅವಳ ಅಪ್ಪ ಹೇಳುತ್ತಿದ್ದನಂತೆ. ಹಾಗಾಗಿ ನಾನು, ಅತಿಥಿಗಳು ಕುದುರೆ ಏರಲೆಂದು ಇಟ್ಟಿರುವ ಮರದ ಮೆಟ್ಟಿಲಿನೊಳಗೆ ಒಂದು ತೂಕದ ಯಂತ್ರ ಅಡಗಿಸಿ, ಅದರ ಮುಳ್ಳು ಹಿಂಬದಿಯಿಂದ ಕಾಣುವಂತೆ ಮಾಡಿದ್ದೆ. ನೆಡ್ರಕ್ಕನಿಗೆ ಇದು ಗೊತ್ತಿತ್ತು. ಗೊತ್ತಿದೆ ಎಂದು ಅವಳು ಯಾವತ್ತೂ ಹೇಳಲಿಲ್ಲ. ಹೋದ ವರ್ಷ ಒಂದು ಹೇಸರಗತ್ತೆ ಆ ಮೆಟ್ಟಿಲ ಮೇಲೆ ಮುಂಗಾಲುಗಳನ್ನು ಊರಿ ಕೊಂಚ ಹೊತ್ತು ಯೋಚಿಸುತ್ತ ನಿಂತಿತು. ಯಂತ್ರದ ಕಥೆ ಅಲ್ಲಿಗೆ ಮುಗಿಯಿತು. ಅಂದಿನಿಂದ, ಅತಿಥಿ ಅರ್ಜಿಯಲ್ಲಿ ಬರೆದ ತೂಕಕ್ಕೆ ಹದಿನಾಲ್ಕು ಕೂಡಿಸಿ ಮುಂದುವರಿಯುತ್ತಿದ್ದೇವೆ.

ಆರ್ವಿಡ್ ಟೋಲೆಫ್‌ಸನ್ ಬಂದದ್ದು ಸೆಪ್ಟೆಂಬರ್ ಮೊದಲ ವಾರ, ಬೆಳಿಗ್ಗೆ ಏಳಕ್ಕೆ, ನಾರ್ತ್ ಡಕೋಟಾದಿಂದ ಎರಡು ದಿನ ಪಿಕಪ್ ಓಡಿಸಿಕೊಂಡು. ಎತ್ತರದ, ಅಗಲವಾದ ಮನುಷ್ಯ. ಎಪ್ಪತ್ತೊಂದು ವರ್ಷ. ಬೆಟ್ಟದ ಕಾಡುಟಗರಿನ ಬೇಟೆಗೆ ಸರ್ಕಾರ ವರ್ಷಕ್ಕೊಮ್ಮೆ ಚೀಟಿ ಎತ್ತುತ್ತದೆ. ಅವರು ಇಪ್ಪತ್ತಮೂರು ವರ್ಷ ಅರ್ಜಿ ಹಾಕಿದ ಮೇಲೆ ಈ ಸಲ ಹೆಸರು ಬಂದಿತ್ತು. ಪರವಾನಗಿ ಈ ಒಂದು ಋತುವಿಗೆ, ಈ ಒಂದು ಕಣಿವೆಗೆ ಮಾತ್ರ. ಮತ್ತೆ ಅಷ್ಟೇ ಕಾಯಬೇಕೆಂದರೆ ಅವರಿಗೆ ತೊಂಬತ್ತನಾಲ್ಕು ಆಗಿರುತ್ತದೆ.

ಯಾರಿಗೆ ಯಾವ ಕುದುರೆ ಎಂಬ ಹಾಳೆಯನ್ನು ನಾನು ಹಿಂದಿನ ದಿನವೇ ಬರೆದಿಟ್ಟಿದ್ದೆ. ನೆಡ್ರಕ್ಕ ಅದನ್ನು ನೋಡಿದ್ದು ಅವರು ಬಂದು ನಿಂತ ಮೇಲೆಯೇ. ಕನ್ನಡಕ ಏರಿಸಿ ಓದಿದಳು, ಇಳಿಸಿ ಓದಿದಳು.

“ಯಜಮಾನ್ರೇ, ನಿಮ್ದು ಸ್ವಲ್ಪ ಜಾಸ್ತಿ ಆಯ್ತಲ್ಲ.”

“ಏನು, ಸಾಮಾನಾ?”

“ತೂಕ. ಇನ್ನೂರ ನಲವತ್ತಾರೂವರೆ ಇದೆ. ನಮ್ದು ಇನ್ನೂರ ನಲವತ್ತಕ್ಕೆ ನಿಲ್ಲತ್ತೆ.”

“ನಾನು ಇನ್ನೂರ ಮೂವತ್ತೆರಡೂವರೆ ಅಂತ ಬರ್ದಿದ್ದೆ, ಮೇಡಂ. ಬೂಟೂ ಸೇರಿ.”

“ಬರ್ದಿದ್ದೀರಿ. ಎಲ್ರೂ ಬರೀತಾರೆ. ಅದಕ್ಕೇ ಹದಿನಾಲ್ಕು ಸೇರಿಸ್ತೀವಿ.”

“ಯಾಕೆ ಹದಿನಾಲ್ಕು?”

ನೆಡ್ರಕ್ಕ ಗದ್ದದಿಂದ ನನ್ನ ಕಡೆ ತೋರಿಸಿದಳು. “ಅವನ್ನ ಕೇಳಿ. ಓದ್ಕೊಂಡಿರೋನು ಅವನೇ.”

ನಾನು ಸರಾಸರಿಯನ್ನು ವಿವರಿಸಿದೆ. ಮುಖಕ್ಕೆ ಮುಖ ಕೊಟ್ಟು ವಿವರಿಸುವಾಗ ಅದು ಹಾಳೆಯ ಮೇಲಿದ್ದಷ್ಟು ಚೆನ್ನಾಗಿ ಕೇಳಿಸಲಿಲ್ಲ. ಆರ್ವಿಡ್ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

“ಎಷ್ಟು ಜನದ್ದು?”

“ಎಂಬತ್ತೇಳು.”

“ಆಚೀಚೆ ಎಷ್ಟು?”

“ಒಂಬತ್ತು ಪೌಂಡ್.”

“ಅಚ್ಚುಕಟ್ಟಾಗಿ ಮಾಡಿದ್ದೀಯ ತಮ್ಮಾ,” ಅಂದರು. ಮಾತಿನಲ್ಲಿ ಕೊಂಕಿರಲಿಲ್ಲ. “ನಾನು ಗೋಧಿ ಗೋದಾಮಲ್ಲಿ ತೂಕದ ಕೆಲ್ಸದಲ್ಲಿದ್ದೆ. ಲಾರಿ, ಚೀಲ, ಎಲ್ಲಾ. ಮೂವತ್ತೊಂಬತ್ತು ವರ್ಷ.”

ಆಗ ನನಗೆ ಆ ‘ಎರಡೂವರೆ’ ಕಾಣಿಸಿತು. ನನ್ನ ಎಂಬತ್ತೇಳು ಅರ್ಜಿಗಳಲ್ಲಿ ಐವತ್ತೆರಡರ ತೂಕ ಸೊನ್ನೆಯಲ್ಲೋ ಐದರಲ್ಲೋ ಮುಗಿಯುತ್ತಿತ್ತು. ಅರ್ಧ ಪೌಂಡನ್ನು ಯಾರೂ ಬರೆದಿರಲಿಲ್ಲ. ಸುಳ್ಳು ಹೇಳುವವನಿಗೆ ಅರ್ಧ ಪೌಂಡಿನ ಚಿಂತೆ ಇರುವುದಿಲ್ಲ. ಹಾಳೆ ಬರೆಯುವಾಗ ನಾನು ಅದನ್ನು ನೋಡಿದ್ದೆ, ಅದಕ್ಕೂ ಹದಿನಾಲ್ಕು ಕೂಡಿಸಿದ್ದೆ.

“ಕೆಳಗಿನ ಹೊಳೇಲಿ ಒಳ್ಳೇ ಟ್ರೌಟ್ ಮೀನಿದೆ,” ಎಂದು ನೆಡ್ರಕ್ಕ ಹೇಳುತ್ತಿದ್ದಳು. ತೂಕ ಮೀರಿದವರಿಗೆಲ್ಲ ಅವಳು ಹೇಳುವುದು ಇದನ್ನೇ. “ನಮ್ಮಣ್ಣ ಇರ್ತಾನೆ ನಿಮ್ ಜೊತೆ. ಒಂದ್ವಾರ ಆರಾಮಾಗಿ ಹಿಡ್ಕೊಂಡಿರಿ.”

“ಮೀನು ನಮ್ಮೂರಲ್ಲೂ ಇದೆ,” ಅಂದರು ಆರ್ವಿಡ್.



“ನೆಡ್ರಕ್ಕಾ, ಇವ್ರು ಸುಳ್ಳು ಬರ್ದಿಲ್ಲ ಅನ್ಸತ್ತೆ,” ಎಂದೆ.

“ನೋಡೋಕೆ ಯಾರೂ ಸುಳ್ಳು ಬರ್ದಂಗೆ ಕಾಣಲ್ಲ. ಆ ದಲ್ಲಾಳಿ ಚರ್ಚಲ್ಲಿ ಹಾಡ್ತಿದ್ದನಂತೆ.”

“ಆ ಲೆಕ್ಕ ಗುಂಪಿಗೆ ಅಕ್ಕಾ. ಒಬ್ಬೊಬ್ರಿಗೆ ಹಾಕೋಕೆ ಬರಲ್ಲ.”

“ಕುದುರೆ ಮೇಲೆ ಗುಂಪು ಕೂರತ್ತೇನೋ? ಒಬ್ಬೊಬ್ರೇ ತಾನೇ ಕೂರೋದು? ಹದಿನಾಲ್ಕು ಹದಿನಾಲ್ಕು ಅಂತ ನನ್ ತಲೆ ತಿಂದೋನು ನೀನು. ಇವತ್ತು ಬೆಳಿಗ್ಗೆ ಎದ್ದು ಹದಿನಾಲ್ಕಲ್ಲ ಅಂತೀಯ.”

“ತೂಗ್ಬಿಡಿ,” ಅಂದರು ಆರ್ವಿಡ್.

ಹಾಗೆಂದು ಕೇಳಿದ ಅತಿಥಿ ಅವರೇ ಮೊದಲಿಗರು. ನೆಡ್ರಕ್ಕ ಹ್ಯಾಟು ತೆಗೆದು ಒಳಗೆ ನೋಡಿ ಮತ್ತೆ ಹಾಕಿಕೊಂಡಳು.

“ನಮ್ಮಲ್ಲಿ ಅತಿಥಿಗಳನ್ನ ತೂಗಲ್ಲ.”

“ನಾನೇ ಹೇಳ್ತಿದ್ದೀನಲ್ಲ ಮೇಡಂ. ನಂಗೇನೂ ಬೇಜಾರಿಲ್ಲ.”

ಅವಳು ನನ್ನತ್ತ ತಿರುಗಿದಳು. “ಹೇರುಪೆಟ್ಟಿಗೆ ತೂಗೋ ತಕ್ಕಡಿ ಎಷ್ಟರವರೆಗೆ ಹೋಗತ್ತೆ?”

“ನೂರು.”

“ಹಾಗಾದ್ರೆ ಇವ್ರನ್ನ ಮೂರು ಸಲಕ್ಕೆ ತೂಗ್ತೀಯಾ?”

ನಾನು ದೊಡ್ಡಿಯ ಹಿಂದಿನಿಂದ ಹಳೆಯ ಸೇತುವೆಯ ಹನ್ನೆರಡು ಅಡಿಯ ಹಲಗೆಯೊಂದನ್ನು ಎಳೆದು ತಂದು, ಒಂದು ಪೈನ್ ದಿಮ್ಮಿಯ ಮೇಲೆ ಅಡ್ಡ ಇಟ್ಟೆ. ದಿಮ್ಮಿಯಿಂದ ಎರಡೂ ಕಡೆಗೆ ಐದೈದು ಅಡಿ ಅಳೆದು ಸೀಮೆಸುಣ್ಣದಲ್ಲಿ ಗೆರೆ ಹಾಕಿದೆ. ಹೇಸರಗತ್ತೆಯ ಎರಡು ಮಗ್ಗುಲಿನ ಪೆಟ್ಟಿಗೆಗಳ ನಡುವೆ ಒಂದು ಪೌಂಡಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ದಾರಿಯಲ್ಲಿ ಜೀನು ಪಕ್ಕಕ್ಕೆ ತಿರುಗುತ್ತದೆ. ಆದ್ದರಿಂದ ಪ್ರತಿ ಪೆಟ್ಟಿಗೆಯನ್ನೂ ಹಿಂದಿನ ಸಂಜೆಯೇ ತೂಗಿ ಮುಚ್ಚಳದ ಮೇಲೆ ಬರೆದಿಟ್ಟಿರುತ್ತೇನೆ. ಎಪ್ಪತ್ತೊಂದರದು ಎರಡು, ಅರವತ್ತೆಂಟರದು ಒಂದು. ಒಟ್ಟು ಇನ್ನೂರ ಹತ್ತು. ಅವನ್ನು ಒಂದು ಗೆರೆಯ ಮೇಲೆ ಪೇರಿಸಿದೆ. ಇನ್ನೊಂದು ಗೆರೆಯ ಮೇಲೆ ಆರ್ವಿಡ್ ಮೊಣಕಾಲು ಮಡಿಚಿ ಕಾವು ಕೂತ ಕೋಳಿಯ ಹಾಗೆ ಕೂತರು. ಅವರ ಕಡೆ ನೆಲಕ್ಕೆ ತಾಗಿತು. ನಾನು ಪೆಟ್ಟಿಗೆಗಳ ಮೇಲೊಂದು ಚೀಲ ಇಟ್ಟು, ಕುದುರೆಯ ಕಾಳನ್ನು ಡಬ್ಬಿ ಡಬ್ಬಿಯಾಗಿ ಸುರಿಯುತ್ತ ಹೋದೆ. ಅವರು ನಿಧಾನವಾಗಿ ಮೇಲೆದ್ದರು. ಚೀಲವನ್ನು ತಕ್ಕಡಿಯ ಕೊಕ್ಕೆಗೆ ತೂಗುಹಾಕಿ ನೋಡಿದರೆ ಮೂವತ್ತೈದು.

“ಇನ್ನೂರ ನಲವತ್ತೈದು,” ಅಂದೆ. ನನ್ನ ದನಿ ಸ್ವಲ್ಪ ಇಳಿದಿತ್ತು.

“ಈಗ ಬದಲಾಯ್ಸು,” ಅಂದರು ಆರ್ವಿಡ್.

“ಏನು?”

“ನಾನು ಆ ಕಡೆ, ಪೆಟ್ಟಿಗೆ ಈ ಕಡೆ. ಹಲಗೆ ಎರಡೂ ತುದಿ ಒಂದೇ ತೂಕ ಅಂತ ನಿಂಗೆ ಯಾರು ಹೇಳಿದ್ರು? ಕಾಲೇಜಲ್ಲಿ ಇದನ್ನ ಹೇಳ್ಕೊಡಲ್ವಾ?”

ನೆಡ್ರಕ್ಕ ಮೊದಲ ಸಲ ಅವರನ್ನು ಗಮನವಿಟ್ಟು ನೋಡಿದಳು.

ಬದಲಾಯಿಸಿ ತೂಗಿದಾಗ ಇನ್ನೂರ ನಲವತ್ತೆರಡು ಬಂತು. ನಡುವಿನದು ಇನ್ನೂರ ನಲವತ್ತಮೂರೂವರೆ. ಆರ್ವಿಡ್ ಅದನ್ನು ಒಪ್ಪಿದರು. ಹಲಗೆಯಿಂದಿಳಿದು ಪ್ಯಾಂಟಿನ ಧೂಳು ಕೊಡವಿಕೊಳ್ಳುತ್ತ ಸ್ವಲ್ಪ ಹೊತ್ತು ಲೆಕ್ಕ ಹಾಕಿದರು.

“ಏಪ್ರಿಲ್‌ನಲ್ಲಿ ತೂಗಿಸ್ಕೊಂಡಾಗ ಮೂವತ್ತೆರಡೂವರೇನೇ ಇತ್ತು. ಜೂನಲ್ಲಿ ರಿಟೈರ್ ಆದೆ. ಮನೇಲಿ ಅವಳು ಅಡುಗೆ ಚೆನ್ನಾಗಿ ಮಾಡ್ತಾಳೆ.”

ಹನ್ನೊಂದು ಪೌಂಡ್. ನನ್ನ ಹದಿನಾಲ್ಕಕ್ಕೆ ಮೂರೇ ದೂರ. ಸುಳ್ಳನ್ನು ಅಳೆಯಲು ಕಂಡುಹಿಡಿದ ಸಂಖ್ಯೆ ಒಬ್ಬ ಗೃಹಿಣಿಯ ಕೈರುಚಿಯನ್ನು ಹೆಚ್ಚುಕಡಿಮೆ ಸರಿಯಾಗಿ ಅಳೆದಿತ್ತು. ಇದರಿಂದ ನನಗೆ ಯಾವ ಸಂತೋಷವೂ ಆಗಲಿಲ್ಲ.

ಆರ್ವಿಡ್ ವಾದಿಸಲಿಲ್ಲ. ಬಂದೂಕಿನ ಚೀಲವನ್ನು ಹೆಗಲಿಗೇರಿಸಿ, ಇನ್ನೊಂದು ಕೈಯಲ್ಲಿ ಹಾಸಿಗೆಯ ಸುರುಳಿ ಎತ್ತಿಕೊಂಡು ಪಿಕಪ್ ಕಡೆ ಹೊರಟರು. ಇಪ್ಪತ್ತಮೂರು ವರ್ಷ ಕಾದ ಮನುಷ್ಯನ ನಡಿಗೆ ಅದು ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ; ಅಂಗಡಿಗೆ ಹೋಗುವವರಂತಿದ್ದರು. ಪಿಕಪ್ ಬಾಗಿಲ ಬಳಿ ಮಾತ್ರ ನಿಂತು, ಬೆಟ್ಟದ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು.

“ಎಲ್ಲಿಗೆ ಹೊರಟ್ರಿ?” ನೆಡ್ರಕ್ಕ ಕೂಗಿದಳು.

“ಮೂರೂವರೆ ಜಾಸ್ತಿ ಇದೆಯಲ್ಲ ಮೇಡಂ.”

“ಬೂಟು ಬಿಚ್ಚಿ.”

ಬೂಟುಗಳನ್ನು ಕೊಕ್ಕೆಗೆ ಹಾಕಿದೆ. ನಾಲ್ಕೂಕಾಲು. ಇನ್ನೂರ ಮೂವತ್ತೊಂಬತ್ತೂಕಾಲು ಪೌಂಡ್ ತೂಕದ ಆರ್ವಿಡ್, ಬೂದು ಉಣ್ಣೆಯ ಕಾಲುಚೀಲದಲ್ಲಿ, ಬಾರ್ಲಿ ಎಂಬ ನಮ್ಮ ದೊಡ್ಡ ಕುದುರೆಯ ಮೇಲೆ ಕೂತರು. ಬೂಟುಗಳನ್ನು ನಾನು ಹೇಸರಗತ್ತೆಯ ಬಲಪೆಟ್ಟಿಗೆಗೆ ಒಂದು, ಎಡಪೆಟ್ಟಿಗೆಗೆ ಒಂದು ಹಾಕಿ ಕಟ್ಟಿದೆ.

ಮೊದಲ ನಾಲ್ಕು ಮೈಲಿ ಹುಲ್ಲುಗಾವಲು, ಏನೂ ತೊಂದರೆಯಿರಲಿಲ್ಲ. ನೆಡ್ರಕ್ಕ ಮುಂದೆ, ಆರ್ವಿಡ್ ನಡುವೆ, ಎರಡು ಹೇಸರಗತ್ತೆಗಳನ್ನು ಹಿಡಿದು ನಾನು ಹಿಂದೆ. ಆಮೇಲೆ ಸಡಿಲ ಕಲ್ಲಿನ ಏರು ಶುರುವಾಯಿತು. ಎರಡನೆಯ ತಿರುವಿನಲ್ಲಿ ಆರ್ವಿಡ್ ಲಗಾಮು ಎಳೆದು ನಿಲ್ಲಿಸಿ, ಕೆಳಗಿಳಿದರು.

“ಏನಾಯ್ತು?” ನೆಡ್ರಕ್ಕ ತಿರುಗಿ ಕೇಳಿದಳು.

“ಇವ್ನು ಏದುಸಿರು ಬಿಡ್ತಿದ್ದಾನೆ.”

“ಕುದುರೆ ಅಲ್ವಾ ಯಜಮಾನ್ರೇ. ಏರಲ್ಲಿ ಬಿಡತ್ತೆ.”

“ಬಿಡ್ಲಿ. ಏರು ಮುಗಿಯೋವರ್ಗೂ ನಾನು ನಡೀತೀನಿ.”

“ಲೆಕ್ಕ ಸರಿಯಾಗಿದೆ. ಮುಕ್ಕಾಲು ಪೌಂಡ್ ಕಮ್ಮೀನೇ ಇದ್ದೀರಿ.”

“ಮೂರು ತಿಂಗಳಲ್ಲಿ ತಿಂದಿದ್ದು ನಾನು, ಮೇಡಂ. ಇವ್ನು ಯಾಕೆ ಹೊರ್ಬೇಕು?”

ಹೇಳಿ, ಕುದುರೆಯನ್ನು ಹಿಡಿದುಕೊಂಡು ನಡೆಯತೊಡಗಿದರು, ಕಾಲುಚೀಲದಲ್ಲೇ. ಅಲ್ಲಿಯ ಕಲ್ಲುಗಳು ಒಡೆದ ಹೆಂಚಿನ ಹಾಗೆ ಚೂಪು. ನೆಡ್ರಕ್ಕ ಮೂವತ್ತು ಹೆಜ್ಜೆಯವರೆಗೆ ನೋಡಿದಳು. ಆಮೇಲೆ ಎಲ್ಲರನ್ನೂ ನಿಲ್ಲಿಸಿದಳು.

“ಕಾಲೇಜು, ಬೂಟು ತೆಗಿ.”

“ಅಕ್ಕಾ, ಎರಡೂ ಪೆಟ್ಟಿಗೆ ಇಳಿಸ್ಬೇಕು. ಅಡೀಲಿದೆ.”

“ಅಡೀಲಿ ಇಟ್ಟಿದ್ದು ಯಾರು?”

ಇಳಿಜಾರಿನಲ್ಲಿ ಹೇರು ಬಿಚ್ಚಿ, ಬೂಟು ತೆಗೆದು, ಮತ್ತೆ ಕಟ್ಟಲು ಮುಕ್ಕಾಲು ಗಂಟೆ ಹಿಡಿಯಿತು. ಆರ್ವಿಡ್ ಕಲ್ಲಿನ ಮೇಲೆ ಕೂತು ಬೂಟು ಹಾಕಿಕೊಂಡರು. ಈಗ ಅವರ ತೂಕ ಮತ್ತೆ ಇನ್ನೂರ ನಲವತ್ತಮೂರೂವರೆ. ಅಂದರೆ ನಿಯಮದ ಪ್ರಕಾರ ಅವರು ಕುದುರೆ ಏರುವಂತಿರಲಿಲ್ಲ. ಇದು ನಮ್ಮ ಮೂವರಿಗೂ ಹೊಳೆದಿತ್ತು.  ಅವರು ನಡೆದೇ ಹೊರಟರು.

ಎಪ್ಪತ್ತೊಂದು ವರ್ಷದವರು ಹಿಂದೆ ನಡೆದು ಬರುತ್ತಿರುವಾಗ ಮುಂದೆ ಕುದುರೆಯ ಮೇಲೆ ಕೂತಿರುವುದು ಸುಲಭವಲ್ಲ. ನೆಡ್ರಕ್ಕ ಎರಡು ತಿರುವು ತಡೆದಳು. ಮೂರನೆಯದರಲ್ಲಿ, ಜೀನಿನ ಹೊಟ್ಟೆಪಟ್ಟಿ ಸಡಿಲವಾಗಿದೆ ಎಂದು ಇಳಿದಳು. ಪಟ್ಟಿಯನ್ನು ಮುಟ್ಟಲಿಲ್ಲ. ಮತ್ತೆ ಹತ್ತಲೂ ಇಲ್ಲ. ಅವಳು ಇಳಿದ ಮೇಲೆ ನನಗೂ ಕೂರಲಾಗಲಿಲ್ಲ. ಎದುರಿಗೆ, ಮೇಲಿನಿಂದ ಇಳಿದು ಬರುತ್ತಿದ್ದ ಇನ್ನೊಂದು ತಂಡದ ಹೇರು ಸಾಗಿಸುವವನೊಬ್ಬ ನಮಗೆ ದಾರಿ ಬಿಟ್ಟು ನಿಂತ. ಮೂರು ಒಳ್ಳೆಯ ಸವಾರಿ ಕುದುರೆಗಳು, ಮೂರು ಖಾಲಿ ಜೀನು, ಮೂವರು ಬೆವರು ಸುರಿಸುತ್ತ ನಡೆಯುತ್ತಿರುವವರು.

“ಏನ್ ನೆಡ್ರಾ, ಕುದುರೆಗೆ ಗಾಳಿ ಕುಡಿಸೋಕೆ ಹೊರಟ್ಯಾ?”

“ನಿನ್ ಕೆಲ್ಸ ನೋಡ್ಕೋ,” ಅಂದಳು ನೆಡ್ರಕ್ಕ. ಅವಳಿಗೆ ಉಸಿರಿದ್ದದ್ದು ಅಷ್ಟಕ್ಕೇ.

ಇನ್ನುಳಿದ ದಾರಿಯನ್ನೂ ಹಾಗೇ ಮುಗಿಸಿದೆವು: ಏರು ಬಂದಲ್ಲಿ ಮೂವರೂ ನಡೆದು, ಮಟ್ಟಸ ಬಂದಲ್ಲಿ ನೆಡ್ರಕ್ಕ ‘ಹತ್ತಿ’ ಎಂದಾಗ ಹತ್ತಿ. ಮಟ್ಟಸದಲ್ಲಿ ಬೂಟಿನ ಮಾತನ್ನು ಅವಳು ಎತ್ತಲಿಲ್ಲ. ಮೂರು ಗಂಟೆ ತಡವಾಗಿ, ಬಿಸಿಲು ಇನ್ನೂ ತುದಿಗಳ ಮೇಲಿರುವಾಗಲೇ ಬೀಡು ಸೇರಿದೆವು. ಜೀನು ಇಳಿಸಿ ಅವಳು ಬಾರ್ಲಿಯ ಬೆನ್ನ ಮೇಲೆ ಅಂಗೈ ಆಡಿಸಿದಳು. ಅಂಗೈಯಲ್ಲಿ ಬರೀ ಬೆವರು ಕಂಡು, ಒಲೆ ಹೊತ್ತಿಸಲು ಹೋದಳು.

ಆರ್ವಿಡ್ ಬೀಡಿನಾಚೆಯ ಬಂಡೆಯ ಮೇಲೆ ಬೋರಲು ಮಲಗಿ ದುರ್ಬೀನು ಹಿಡಿದಿದ್ದರು. ಎದುರಿನ ಇಳಿಜಾರಿನಲ್ಲಿ ಏಳು ಟಗರುಗಳು ಮೇಯುತ್ತಿದ್ದವು. ನಾನು ಪಕ್ಕ ಮಲಗಿ, ಬಲಗಡೆಯದು ದೊಡ್ಡದು ಎಂದೆ. ಅವರು ದುರ್ಬೀನನ್ನು ಅತ್ತ ತಿರುಗಿಸಿದರು.  

ಊಟಕ್ಕೆ ಎರಡು ಸಲ ಕೂಗಿದರೂ ಅವರು ಏಳಲಿಲ್ಲ. ಕೊನೆಗೆ ನೆಡ್ರಕ್ಕನೇ ತಟ್ಟೆ ಹಿಡಿದು ಬಂದಳು. ಬೇಯಿಸಿದ ಹುರುಳಿಕಾಯಿ ಬೀಜ, ಹಂದಿಮಾಂಸ, ಮೂರು ದಪ್ಪನೆಯ ಮೆತ್ತನೆ ರೊಟ್ಟಿ, ಮೇಲೆ ಬೆಣ್ಣೆ. ಆರ್ವಿಡ್ ತಟ್ಟೆ ನೋಡಿ, ಒಂದು ರೊಟ್ಟಿಯನ್ನು ಪಕ್ಕಕ್ಕೆ ಸರಿಸಿದರು.

ಅವಳು ಅದನ್ನು ಮತ್ತೆ ನಡುವಿಗೆ ತಂದಿಟ್ಟಳು.

“ಪೂರ್ತಿ ತಿನ್ನಿ. ಆ ಟಗರಿರೋ ಜಾಗಕ್ಕೆ ಕುದುರೆ ಹೋಗಲ್ಲ.”