ಕ್ರಾಸಿನ ಅನಸವ್ವ

ಮುದುಕಿ ಅನಸವ್ವನನ್ನು ಮಣ್ಣು ಮಾಡಲು ತೋಡುತ್ತಿದ್ದ ಕುಣಿಯಲ್ಲಿ ನೀರು ಒಸರತೊಡಗಿದ್ದನ್ನು ಕಂಡು ಪರಸಪ್ಪ ಸಲಿಕೆಯನ್ನು ಮಣ್ಣಿಗೆ ಚುಚ್ಚಿ ನಿಂತ. ಎರೆಭೂಮಿ, ಮೇಲಿಂದ ಜಿಟಿಜಿಟಿ ಮಳೆ. ಎಷ್ಟು ಪುಟ್ಟಿ ಮಣ್ಣು ಹೊರಗೆ ಚೆಲ್ಲಿದರೂ ಬದಿ ಕುಸಿದು ಮತ್ತೆ ಒಳಗೇ ಬರುತ್ತಿತ್ತು. ದಂಡೆಯ ಮೇಲೆ ನಿಂತಿದ್ದ ಚನಮಲ್ಲಪ್ಪ ಮಾಸ್ತರರ ಕಡೆ ಅವನು ಮುಖ ಎತ್ತಿದ.

"ಮಾಸ್ತರ್ರೀ, ಜಮಖಂಡಿ ಗಾಡಿ ಯಾವಾಗೈತಿ, ಬೋರ್ಡ್ ನೋಡಿ ಹೇಳ್ರಿ. ಮುದುಕಿ ತಮ್ಮ ಬಂದ್ರ ಅದರಾಗ ಬರಬೇಕು."

ಮಾಸ್ತರರು ನೋಡಬೇಕಾಗಿರಲಿಲ್ಲ. ಆ ಬೋರ್ಡು ಬನ್ನಿಮರದ ಕ್ರಾಸಿಗೆ ಬಂದದ್ದೇ ಅವರ ಅರ್ಜಿಯಿಂದ. "ಮಳಿಗಾಲದ ಗಾಡಿ ಮಧ್ಯಾಹ್ನ ಹನ್ನೆರಡಕ್ಕೈತಿ," ಎಂದರು. "ಕಾಯೋಣು. ಬರ್ತಾನ."

ಬೆಳಿಗ್ಗೆ ಅವರು ದಿನದಂತೆ ಜಮಖಂಡಿಯ ಮನೆಯಿಂದ ಶಾಲೆಗೆಂದು ಬಂದು ಮೊದಲ ಗಾಡಿಯಿಂದ ಇಳಿದಾಗ ಅನಸವ್ವನ ತಗಡಿನ ಗುಡಿಸಲ ಮುಂದೆ ನಾಲ್ಕು ಮಂದಿ ನಿಂತಿದ್ದರು. ನಸುಕಿನಲ್ಲಿ ನೀರು ಕೊಡಲು ಹೋದ ಹಣಮವ್ವ, ಪರಸಪ್ಪನ ಹೆಂಡತಿ, ಮುದುಕಿ ತಣ್ಣಗಾಗಿರುವುದನ್ನು ಕಂಡಿದ್ದಳು. ಅನಸವ್ವನಿಗೆ ಮಕ್ಕಳಿರಲಿಲ್ಲ. ಬೀಳಗಿಯ ಕಡೆ ಲಗಮಪ್ಪನೆಂಬ ತಮ್ಮನೊಬ್ಬನಿದ್ದ, ಕುರಿ ಕಾಯುವವನು. ಅದೇ ಗಾಡಿಯ ಕಂಡಕ್ಟರನ ಕೈಯಲ್ಲಿ ಅವನಿಗೆ ಸುದ್ದಿ ಹೋಗಿತ್ತು. ಮಾಸ್ತರರು ಶಾಲೆಗೆ ಹೇಳಿ ಕಳಿಸಿ ಅಲ್ಲಿಯೇ ಉಳಿದರು.

*

ಆ ದಾರಿಗೆ ಡಾಂಬರು ಹಾಕಿದ ಕಾಲಕ್ಕೆ ಅನಸವ್ವ ಗ್ಯಾಂಗಿನ ಕೂಲಿಯವನಾದ ಗಂಡನ ಜೊತೆ ಅಲ್ಲಿಗೆ ಬಂದವಳು. ರಸ್ತೆ ಮುಗಿಯುವ ಹೊತ್ತಿಗೆ ಗಂಡ ಜ್ವರದಿಂದ ತೀರಿಕೊಂಡ. ಗ್ಯಾಂಗು ಮುಂದಕ್ಕೆ ಹೋಯಿತು, ಅವಳು ಉಳಿದಳು. ಹುರಿದ ಶೇಂಗಾ ಮಾರುತ್ತಿದ್ದಳು. ಇಳಿಯುವ ಹತ್ತುವ ಮಂದಿ ಅವಳ ಹತ್ತಿರ ಆಡುತ್ತಿದ್ದುದು ಒಂದೇ ಮಾತು: "ಗಾಡಿ ಹೋತೇನ ಬೇ?" ಅವಳು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಒಂದೇ: "ಬರತೈತಿ, ಕುಂಡ್ರ್ರಿ." ಕೂತವರನ್ನು ಯಾವ ಊರು, ಮನೆಯಲ್ಲಿ ಯಾರ್ಯಾರು ಎಂದು ಕೇಳುತ್ತಿದ್ದಳು. ಕೆಲವರು ಹೇಳುತ್ತಿದ್ದರು, ಕೆಲವರು ರಸ್ತೆ ನೋಡುತ್ತಿದ್ದರು.

ಮಳೆಗಾಲದಲ್ಲಿ ಕೃಷ್ಣೆ ಏರಿದರೆ ಹಿನ್ನೀರು ಹಳ್ಳಕ್ಕೆ ನುಗ್ಗಿ ಮುಂದಿನ ಸೇತುವೆ ಮುಳುಗುತ್ತಿತ್ತು. ಆಗ ಗಾಡಿಗಳು ಬನಹಟ್ಟಿಯ ಮೇಲೆ ಸುತ್ತುಹಾಕಿ ಹೋಗುತ್ತಿದ್ದವು. ಕ್ರಾಸಿನವರೆಗೆ ಬಂದು ಹೊಳ್ಳಿ ಹೋಗುವವು ಎರಡು ಮೂರು ಮಾತ್ರ. ಯಾವುದು ಬರುತ್ತದೆ, ಯಾವುದು ಇಲ್ಲ ಎಂಬುದು ಊರವರಿಗೆ ಬಾಯಿಮಾತಿನಿಂದಲೇ ತಿಳಿಯಬೇಕು.

ಅಂಥ ಒಂದು ಮಳೆಗಾಲದಲ್ಲಿ ಮಾಸ್ತರರಿಗೆ ಬಿಜಾಪುರದಿಂದ ಕರೆ ಬಂದಿತ್ತು. ಜಮಖಂಡಿಯ ಶಾಲೆಗೆ ಬದಲಿ ಸಿಗುವ ಕರೆ. ಹಿಂದಿನ ದಿನವೇ ಹೊರಡಬೇಕೆಂದು ಶಾಲೆ ಬಿಟ್ಟವರೇ ಕ್ರಾಸಿಗೆ ಬಂದರು. ಗಾಡಿ ಹೋಯಿತೇ ಎಂದು ಕೇಳಿದರು. ಬರುತ್ತದೆ, ಕೂಡ್ರಿ ಎಂದಳು ಅನಸವ್ವ. ಒಂದು ಹಿಡಿ ಶೇಂಗಾ ಅವರ ಮುಂದಿಟ್ಟಳು. ಅವರು ಮುಟ್ಟಲಿಲ್ಲ. ಮನೆಯವರು ಆರಾಮೇ ಎಂದು ಕೇಳಿದಳು. ಅವರು ಹೂಂಗುಟ್ಟಿದರು. ಹೊತ್ತು ಮುಳುಗಿತು, ಗಾಡಿ ಬರಲಿಲ್ಲ. ಆ ದಾರಿಯಲ್ಲಿ ಬಂದ ಸೈಕಲ್ಲಿನವನು, ಇವತ್ತಿನಿಂದ ಸಂಜೆ ಗಾಡಿ ಬೇಗ ಹೋಗುತ್ತದೆ, ಇನ್ನು ನಾಳೆಯೇ, ಬೆಳಕಿದ್ದಾಗಲೇ ಬನಹಟ್ಟಿ ರಸ್ತೆಗೆ ನಡೆದಿದ್ದರೆ ಅಲ್ಲಿ ಗಾಡಿ ಸಿಗುತ್ತಿತ್ತು ಎಂದ.

ಬದಲಿ ಬೇರೆಯವರಿಗೆ ಹೋಯಿತು. ಮಾಸ್ತರರು ವಾರದ ಮೇಲೆ ಕ್ರಾಸಿನಲ್ಲಿ ಎಲ್ಲರ ಎದುರಿಗೇ ಅವಳನ್ನು ಬೈದರು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬೇಕು, ಮಂದಿಯ ಬಾಳು ಹಾಳು ಮಾಡಬಾರದು ಎಂದರು. ಅವಳು ತಲೆ ತಗ್ಗಿಸಿ ಶೇಂಗಾ ಆರಿಸುತ್ತ ಕೂತಿದ್ದಳು. ಆಮೇಲೆ ಅವರು ಬಸ್ಸಿನ ಆಫೀಸಿಗೆ ಅರ್ಜಿ ಬರೆದರು; ಸುತ್ತಲಿನ ಊರವರ ಸಹಿ ಮಾಡಿಸಿದರು. ಬರುವ ಮಳೆಗಾಲದೊಳಗೆ ಬೋರ್ಡು ಬಂತು. ಬೇಸಿಗೆಯ ಗಾಡಿಗಳು ಕಪ್ಪು ಅಕ್ಷರದಲ್ಲಿ, ಮಳೆಗಾಲದವು ಕೆಂಪಿನಲ್ಲಿ. ಎಲ್ಲರೂ ಮಾಸ್ತರರಿಗೆ ಕೈ ಮುಗಿದರು. ಕೆಲಸ ಖರೆಗೂ ಛಲೋ ಆಗಿತ್ತು.

*

ಗಾಡಿ ಬಂದದ್ದು ಬೋರ್ಡಿನಲ್ಲಿದ್ದ ಹೊತ್ತಿಗೇ. ಇಳಿದವರು ಇಬ್ಬರು ಹೆಂಗಸರು, ಆಮೇಲೆ ಒಂದು ಗೊಬ್ಬರದ ಚೀಲ. ಲಗಮಪ್ಪ ಇರಲಿಲ್ಲ. ಬೀಳಗಿ ಗಾಡಿಯವರಿಗೆ ಹೇಳಿ ಕಳಿಸಿದ್ದೇನೆ, ಮುಂದಿನದು ನನಗೆ ಗೊತ್ತಿಲ್ಲ ಎಂದು ಕಂಡಕ್ಟರ್ ಹೇಳಿದ.

ಮಾಸ್ತರರು ಇನ್ನೊಂದು ತಾಸು ನೋಡೋಣ ಎಂದರು. ಪರಸಪ್ಪ ಕುಣಿಯ ಕಡೆ ಕೈ ತೋರಿಸಿದ. ನೀರು ಮೊಣಕಾಲಿಗೆ ಬಂದಿತ್ತು.

ಕೊಡದಿಂದ ನೀರು ಎತ್ತಿ ಚೆಲ್ಲಿ, ಒಣ ಹುಲ್ಲು ಹಾಸಿ, ಹಣೆಗೆ ಅರಿಶಿಣದ ಭಂಡಾರ ಹಚ್ಚಿ ಅವಳನ್ನು ಇಳಿಸಿದರು. ಪರಸಪ್ಪ ತನ್ನ ಹೊಲದ ಅಂಚಿನಲ್ಲೇ ಜಾಗ ಕೊಟ್ಟಿದ್ದ. ತವರಿನವರು ಹಾಕಬೇಕಾದ ಮೊದಲ ಹಿಡಿ ಮಣ್ಣು ಹಾಕಲು ಯಾರೂ ಇರಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಮಾಸ್ತರರು ಬಗ್ಗಿ ಹಿಡಿ ಮಣ್ಣು ತೆಗೆದುಕೊಂಡರು.

ಕೈ ತೊಳೆಯಲು ಗುಡಿಸಲ ಹತ್ತಿರ ಬಂದಾಗ ಹಣಮವ್ವ ತಂಬಿಗೆಯಿಂದ ನೀರು ಹಾಕಿದಳು. ಅವರ ಮುಖ ನೋಡದೆ ಹೇಳಿದಳು:

"ನೀವು ಬೈದದ್ದು ಆಕಿ ಮನಸಿಗೆ ಹಚಗೊಂಡಿರ್ಲಿಲ್ರಿ. ಅವತ್ತ ಗಾಡಿ ಹೋಗಿದ್ದು ಆಕಿಗೆ ಗೊತ್ತಿತ್ತು."

"ಗೊತ್ತಿತ್ತು?"

"ಹೂಂನ್ರಿ. ನನ್ನ ಮುಂದ ಆಕಿನ ಅಂದಿದ್ಳು. ಮಳಿ ಹಿಡದು ಮಂದಿ ಮಾರಿ ನೋಡಿರ್ಲಿಲ್ಲ, ಮಾಸ್ತರ ಬಂದ, ಹೋಗೇತಿ ಅಂದ್ರ ಹೊಳ್ಳಿ ಸಾಲಿಗೆ ಹೋಗಿಬಿಡ್ತಾನ, ಒಂದ ಗಳಿಗಿ ಕುಂಡ್ರಲಿ ಅಂತ ಹಂಗಂದೆ ಅಂದ್ಳು. ಬಿಜಾಪುರದ ಕೆಲಸ ಅಂತ ಆಕಿಗೇನ ಗೊತ್ತು? ನೀವು ಹೇಳಿರ್ಲಿಲ್ಲ."

ಮಾಸ್ತರರಿಗೆ ಸಿಟ್ಟು ಬರಬೇಕಿತ್ತು. ಎಷ್ಟೋ ವರ್ಷ ಈ ರಸ್ತೆಯಲ್ಲಿ ಬೆನ್ನು ಸವೆಸಿದ್ದರು. ಸಿಟ್ಟು ಒಂದು ಕ್ಷಣ ಬಂದು ಎದೆಯಲ್ಲಿ ನಿಂತಿತು ಕೂಡ.

"ಬೋರ್ಡ್ ಬಂದ ಮ್ಯಾಲ?" ಎಂದು ಕೇಳಿದರು.

ಹಣಮವ್ವ ತಂಬಿಗೆ ಕೆಳಗಿಟ್ಟಳು. "ಬೋರ್ಡ್ ಬಂದ ಮ್ಯಾಲ ಯಾರ ಕೇಳ್ತಾರ್ರಿ ಮುದುಕೀನ? ಬರ್ತಾರ, ಓದ್ತಾರ, ಆ ಕಡೆ ಮಾರಿ ಮಾಡಿ ನಿಂದರ್ತಾರ."

ಅವರು ತಾವೂ ಹಾಗೆಯೇ ನಿಂತಿದ್ದರು, ದಿನಾಲೂ. ಕೊನೆಯ ಸಲ ಅವಳ ದನಿ ಕೇಳಿದ್ದು ಯಾವಾಗೆಂದು ನೆನಪಿಸಿಕೊಳ್ಳಲು ನೋಡಿದರು. ನೆನಪಾಗಲಿಲ್ಲ.

*

ಇಳಿಹೊತ್ತಿನಲ್ಲಿ ಮಂದಿ ಚದುರಿದ ಮೇಲೆ ಬನಹಟ್ಟಿಯ ಕಡೆಯ ಹೊಲಗಳೊಳಗಿಂದ ಒಬ್ಬ ಮುದುಕ ಕೆಸರು ತುಳಿಯುತ್ತ ಬಂದ. ತಲೆಯ ಮೇಲೆ ಕಂಬಳಿ, ಕಂಕುಳಲ್ಲಿ ಗಂಟು.

"ಮಣ್ಣ ಆತೇನ್ರಿ?" ಎಂದ.

ಆಯಿತೆಂದು ಮಾಸ್ತರರೇ ಹೇಳಿದರು. ಲಗಮಪ್ಪ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕೂತ. ಜಮಖಂಡಿಯಲ್ಲಿ ತಪ್ಪು ಗಾಡಿ ಹತ್ತಿದ್ದ. ಅದು ಬನಹಟ್ಟಿಯ ಕಡೆ ಹೊಳ್ಳಿದಾಗ ಗೊತ್ತಾಗಿ ದಾರಿಯಲ್ಲೇ ಇಳಿದು ನಡೆದಿದ್ದ.

"ನನಗ ಓದಾಕ ಬರೂದಿಲ್ರಿ," ಎಂದ. "ಯಾರನ್ನ ಕೇಳಿದ್ರೂ ಬೋರ್ಡ್ ನೋಡ ಅಂದ್ರು."

ಮಾಸ್ತರರು ಅವನನ್ನು ಹೊಲದ ಅಂಚಿಗೆ ಕರೆದುಕೊಂಡು ಹೋದರು. ಅವನು ಗಂಟು ಬಿಚ್ಚಿ ಮಡಿಕೆ ಮುರಿಯದ ಹಸಿರು ಇಳಕಲ್ಲ ಸೀರೆಯೊಂದನ್ನು ತೆಗೆದ. ತವರುಮನೆಯ ಸೀರೆ. ಮೈಮೇಲೆ ಹೊದಿಸಬೇಕಾಗಿದ್ದುದನ್ನು ಹಸಿ ಮಣ್ಣಿನ ದಿಬ್ಬದ ಮೇಲೆ ಹರವತೊಡಗಿದ. ಗಾಳಿ ಎತ್ತಿ ಎತ್ತಿ ಹಾರಿಸುತ್ತಿತ್ತು. ಮಾಸ್ತರರು ಕೆಸರಿನಲ್ಲೇ ಮಂಡಿಯೂರಿ ಒಂದು ತುದಿ ಹಿಡಿದರು.

"ನಿಮ್ಮಕ್ಕ ಸಣ್ಣಾಕಿದ್ದಾಗ ಹೆಂಗಿದ್ಳು?" ಎಂದು ಕೇಳಿದರು.

ಲಗಮಪ್ಪ ಕಲ್ಲು ಹುಡುಕುವುದನ್ನು ನಿಲ್ಲಿಸಿ ಅವರನ್ನು ನೋಡಿದ. "ಭಾಳ ಮಾತಾಡಾಕಿರಿ," ಎಂದ. "ಕುರಿ ಜೋಡಿನೂ ಮಾತಾಡಾಕಿ." ಆಮೇಲೆ ಮೆಲ್ಲಗೆ ಹೇಳತೊಡಗಿದ.

ಕ್ರಾಸಿನಲ್ಲಿ ಜಮಖಂಡಿಗೆ ಹೋಗುವ ಕೊನೆಯ ಗಾಡಿ ಬಂದು ನಿಂತಿತು. ಡ್ರೈವರ್ ದಿನಾಲೂ ಹತ್ತುವ ಮಾಸ್ತರರ ಗುರುತು ಹಿಡಿದು ಎರಡು ಸಲ ಹಾರ್ನ್ ಹೊಡೆದ, ಸ್ವಲ್ಪ ಕಾದ, ಬಿಟ್ಟುಕೊಂಡು ಹೋದ. ಹಸಿರು ಸೀರೆ ಗಾಳಿಗೆ ಉಬ್ಬುತ್ತಿತ್ತು. ಮಾಸ್ತರರು ಎರಡೂ ಕೈಯಿಂದ ಅದರ ಸೆರಗನ್ನು ಒತ್ತಿ ಹಿಡಿದು, ಕೇಳುತ್ತ ಕೂತಿದ್ದರು.